ಹೆಬ್ಬೆರಳ ಬುಡದ ಮೀನು

"ಮೀನು ಎಲ್ಲಿ?" ಅಂದಳು ಲಾಯರ್.

ಅವಳ ಒಂದು ಕೈಯಲ್ಲಿ ದಪ್ಪನೆಯ ಹೊಳೆಯುವ ಕಾಗದ ಇತ್ತು, ಇನ್ನೊಂದು ಕೈಯಲ್ಲಿ ಚೋಟುವಿನ ಎಡಗೈ. ಎರಡನ್ನೂ ಡೆಸ್ಕಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು, ಒಮ್ಮೆ ಕಾಗದ ನೋಡುತ್ತಿದ್ದಳು, ಒಮ್ಮೆ ಕೈ ನೋಡುತ್ತಿದ್ದಳು. ಐದನೇ ಕ್ಲಾಸಿನ ಅರ್ಧ ಜನ ಸುತ್ತಲೂ ಬಗ್ಗಿ ನಿಂತಿದ್ದರು. ಊಟದ ಬೆಲ್ ಹೊಡೆದು ಐದು ನಿಮಿಷ ಆಗಿದ್ದರೂ ಒಬ್ಬರೂ ಡಬ್ಬಿ ತೆಗೆದಿರಲಿಲ್ಲ.

ಲಾಯರ್ ಅಂದರೆ ಕಪ್ಪು ಕೋಟಿನ ಲಾಯರ್ ಅಲ್ಲ. ಚೋಟುವಿನ ಪಕ್ಕದಲ್ಲೇ ಕೂರುವ ಹುಡುಗಿ. ಇವತ್ತು ಬಿಸಿಲಿದೆ ಅಂತ ಹೇಳಿದರೂ "ಪ್ರೂಫ್ ಏನು?" ಅಂತ ಕೇಳುತ್ತಿದ್ದಳು, ಅದಕ್ಕೆ ಆ ಹೆಸರು. ಚೋಟುವಿನ ಹೆಸರಿಗೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವವಳು ಅವಳೇ. ಬಾಯಿ ಮಾತ್ರ ಕ್ಲಾಸಿಗೆಲ್ಲ ದೊಡ್ಡದು. ಮನೆಯಲ್ಲಿ "ಚೋಟು ಮೆಣಸಿನಕಾಯಿ" ಅಂತ ಶುರುವಾದದ್ದು, ಸ್ಕೂಲು ತಲುಪುವಷ್ಟರಲ್ಲಿ ಬರೀ ಚೋಟು ಆಗಿತ್ತು.

ಆ ಹೊಳೆಯುವ ಕಾಗದ ಒಂದು ಆಲ್ಬಮ್‌ನ ಕವರ್. ಚೋಟುವಿನ ಅಪ್ಪ ಮಾಡಿದ್ದು. ಪಿಟೀಲು ಕಲಿಯುವ ಮಕ್ಕಳಿಗೆ ಅಂತ ಒಬ್ಬರು ಅಜ್ಜಿ ಹನ್ನೆರಡು ಸಣ್ಣ ಸಣ್ಣ ಟ್ಯೂನ್ ನುಡಿಸಿ ರೆಕಾರ್ಡ್ ಮಾಡಿದ್ದರು. ಅದರ ಕವರಿನ ಮೇಲೆ ಪಿಟೀಲಿನ ಕತ್ತು ಹಿಡಿದ ಒಂದು ಪುಟ್ಟ ಎಡಗೈ. ಆ ಕೈ ನನ್ನದೇ ಅಂತ ಚೋಟು ಈ ವಾರವಿಡೀ ಬಡಾಯಿ ಕೊಚ್ಚುತ್ತಿದ್ದಳು. ಸೋಮವಾರ ಅವಳ ಕೈ ಕವರಿನ ಮೇಲೆ ಮಾತ್ರ ಇತ್ತು. ಮಂಗಳವಾರ ಪೋಸ್ಟರಿಗೂ ಏರಿತು. ಬುಧವಾರದ ಹೊತ್ತಿಗೆ ಪ್ರಪಂಚದಲ್ಲಿ ಯಾರೇ ಪಿಟೀಲು ಕಲಿತರೂ ಮೊದಲು ಚೋಟುವಿನ ಕೈ ನೋಡಲೇಬೇಕು ಅನ್ನುವಲ್ಲಿಗೆ ಬಂದು ನಿಂತಿತ್ತು. ಲಾಯರ್ ಪ್ರೂಫ್ ಕೇಳಿದಳು. ಗುರುವಾರ ಬೆಳಿಗ್ಗೆ ಚೋಟು ಅಪ್ಪನ ರದ್ದಿ ಬುಟ್ಟಿಯಿಂದ ಒಂದು ಸ್ಯಾಂಪಲ್ ಪ್ರಿಂಟ್ ಎತ್ತಿಕೊಂಡು ಬಂದಳು.

ಎತ್ತಿಕೊಳ್ಳುವಾಗ ಸರಿಯಾಗಿ ನೋಡಬೇಕಿತ್ತು. ನೋಡಿರಲಿಲ್ಲ.

ಚೋಟುವಿನ ಎಡಗೈಯ ಹೆಬ್ಬೆರಳ ಬುಡದಲ್ಲಿ ಒಂದು ಗಾಯದ ಕಲೆ ಇತ್ತು. ನಡುವೆ ಸ್ವಲ್ಪ ಉಬ್ಬಿ, ಮಣಿಕಟ್ಟಿನ ಹತ್ತಿರ ಎರಡಾಗಿ ಸೀಳಿ, ನೋಡಿದರೆ ಬಾಲ ಇರುವ ಬಿಳಿ ಮೀನೇ. ಕ್ಲಾಸಿನಲ್ಲಿ ಆ ಮೀನು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅದರ ಕತೆ ಮಾತ್ರ ವರ್ಷಕ್ಕೊಂದು. ಒಂದನೇ ಕ್ಲಾಸಿನಲ್ಲಿ ಹೊಳೆಯ ಮೀನು ಕಚ್ಚಿ ಅಲ್ಲೇ ಉಳಿದುಕೊಂಡಿತ್ತು. ಮೂರನೇ ಕ್ಲಾಸಿನಲ್ಲಿ ಅದು ಗಾಳಿಪಟದ ದಾರ ಕುಯ್ದದ್ದಾಯಿತು. ಹೋದ ವರ್ಷ ಹುಲಿ ಉಗುರು. ನಿಜ ಏನು ಅಂತ ಚೋಟುವಿಗೇ ಗೊತ್ತಿರಲಿಲ್ಲ. ಒಮ್ಮೆ ಅಪ್ಪನನ್ನು ಕೇಳಿದ್ದಳು. "ಚಿಕ್ಕವಳಿದ್ದಾಗ ಆಗಿದ್ದು" ಅಂದು ಅಪ್ಪ ಟೀ ಮಾಡಲು ಎದ್ದು ಹೋಗಿದ್ದ. ಅಷ್ಟು ಸಪ್ಪೆ ಕತೆ ಯಾರಿಗೆ ಬೇಕು ಅಂತ ಆಮೇಲೆ ತಾನೇ ಹೊಸದು ಕಟ್ಟುತ್ತಾ ಬಂದಿದ್ದಳು.

ಈಗ ಕವರಿನ ಮೇಲಿದ್ದ ಕೈಯಲ್ಲಿ ಹೆಬ್ಬೆರಳು ಎದ್ದು ಕಾಣುತ್ತಿತ್ತು. ಉಗುರು ಚೋಟುವಿನದೇ. ಮಡಿಕೆ ಅವಳದೇ. ಬುಡದಲ್ಲಿ ಮೀನು ಮಾತ್ರ ಇಲ್ಲ. ಆ ಜಾಗ ಆಗ ತಾನೇ ಸೋಪು ಹಾಕಿ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಅಂದಳು ಲಾಯರ್. ಅವಳ ಅಜ್ಜಿ ಹೇಳುವ ಗಾದೆ ಅದು, ಅವಳಿಗೆ ಬಲು ಇಷ್ಟ. "ಇದು ನಿನ್ನ ಕೈ ಅಲ್ಲ ಕಣೇ."

ಎಲ್ಲರೂ ನಕ್ಕರು. ಚೋಟು ಇಂಗು ತಿಂದ ಮಂಗನ ಹಾಗೆ ನಿಂತಳು.

*

ಚೋಟುವಿನ ಮನೆಯ ಮುಂದಿನ ಕೋಣೆಯೇ ಅಪ್ಪನ ಆಫೀಸು. ಅಪ್ಪ ಗ್ರಾಫಿಕ್ ಡಿಸೈನರ್. ಅವನು ಯಾವ ಆಫೀಸಿಗೂ ಹೋಗುತ್ತಿರಲಿಲ್ಲ, ಕೆಲಸವೇ ಮನೆ ಹುಡುಕಿಕೊಂಡು ಬರುತ್ತಿತ್ತು. ಸೈಕಲ್ ಅಂಗಡಿಗೆ ಬೋರ್ಡು, ಹಲ್ಲಿನ ಡಾಕ್ಟರಿಗೆ ಕಾರ್ಡು, ಬೇಕರಿಗೆ ಬ್ರೆಡ್ ಹಾಕಿಕೊಡುವ ಕಾಗದದ ಚೀಲ. ಆದರೆ ಜಾಸ್ತಿ ಬರುತ್ತಿದ್ದವರು ಹಾಡುವವರು, ಬಾರಿಸುವವರು. ಡ್ರಮ್ ಬಾರಿಸುವ ಅಣ್ಣ ಏನು ತೋರಿಸಿದರೂ "ಇನ್ನೂ ಸ್ವಲ್ಪ ಕೆಂಪು" ಅನ್ನುತ್ತಿದ್ದ. ಹಾಡುವ ಮೇಡಂ ಒಬ್ಬರು ಇಪ್ಪತ್ತು ವರ್ಷದ ಹಿಂದಿನ ಒಂದೇ ಫೋಟೋವನ್ನು ಪ್ರತಿ ಪೋಸ್ಟರಿಗೂ ತರುತ್ತಿದ್ದರು, ಅದರಲ್ಲೂ ಕತ್ತಿನ ಗೆರೆ ಅಳಿಸಿ ಅನ್ನುತ್ತಿದ್ದರು. ಎಲ್ಲರ ಮಾತಿಗೂ ಅಪ್ಪ ತಲೆಯಾಡಿಸಿ, ಕೊನೆಗೆ ತನಗೆ ಸರಿ ಅನ್ನಿಸಿದ್ದನ್ನೇ ಮಾಡಿ, ಅದೇ ತಾವು ಹೇಳಿದ್ದು ಅಂತ ಅವರೇ ಖುಷಿಯಾಗಿ ಹೋಗುವ ಹಾಗೆ ನೋಡಿಕೊಳ್ಳುತ್ತಿದ್ದ.

ಆ ಕೋಣೆಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ಹಳದಿ ಟೇಪು ಅಂಟಿಸಿತ್ತು. ಅಪ್ಪ ಕಾಗದ ಕತ್ತರಿಸಲು ಚಾಕು ತೆಗೆದನೆಂದರೆ ಚೋಟು ಟೇಪಿನ ಈಚೆಗೇ ನಿಲ್ಲಬೇಕು. ಅದು ನಿಯಮ. ಚಾಕುವಿನ ತುದಿಗೆ ಬೆಂಡಿನ ಬಿರಡೆ, ಅದನ್ನು ಇಡುವುದು ಬಿಸ್ಕತ್ತಿನ ಡಬ್ಬಿಯೊಳಗೆ, ಡಬ್ಬಿ ಬೀರುವಿನ ನೆತ್ತಿಯ ಮೇಲೆ. ಬ್ಯಾಂಕಿನಲ್ಲೂ ಇಷ್ಟು ಕಾವಲು ಇರಲ್ಲ ಅಂತ ಅಮ್ಮ ಒಮ್ಮೊಮ್ಮೆ ನಗುತ್ತಿದ್ದಳು. ಅಪ್ಪ ಟವೆಲನ್ನೂ ಸ್ಕೇಲ್ ಇಟ್ಟ ಹಾಗೆ ಮಡಿಸುವವನು, ಅವನ ಸ್ವಭಾವವೇ ಅದು ಅಂದುಕೊಂಡು ಚೋಟು ಸುಮ್ಮನಿದ್ದಳು.

ಅವತ್ತು ಸ್ಕೂಲಿನಿಂದ ಬಂದಾಗ ಪಿಟೀಲಜ್ಜಿ ಅಲ್ಲೇ ಕೂತಿದ್ದರು. ಚೋಟು ಅವರಿಗೆ ಇಟ್ಟ ಹೆಸರು ಅದು, ಅವರಿಗೂ ಅದೇ ಇಷ್ಟ. ಕವರಿನ ಹಿಂಭಾಗದಲ್ಲಿ ಹಾಕುವ ತಮ್ಮ ಫೋಟೋವನ್ನು ಕನ್ನಡಕ ಮೇಲೆ ಕೆಳಗೆ ಮಾಡಿ ಸ್ಕ್ರೀನಿನಲ್ಲಿ ನೋಡುತ್ತಿದ್ದರು.

"ನನ್ನ ಗುರುತು ಎಲ್ಲಿ ಹೋಯ್ತಪ್ಪಾ?" ಅಂದರು.

ಅವರ ದವಡೆಯ ಕೆಳಗೆ, ಕತ್ತಿನ ಎಡಕ್ಕೆ, ಎರಡು ಬೆರಳಗಲ ಕಪ್ಪು ಕಲೆ ಇತ್ತು. ದಿನವೂ ಅಲ್ಲಿ ಪಿಟೀಲು ಒತ್ತಿ ಒತ್ತಿ ಆದದ್ದು. ಫೋಟೋದಲ್ಲಿ ಅದು ಇರಲಿಲ್ಲ.

ಅಪ್ಪ ನಾಲಿಗೆ ಕಚ್ಚಿಕೊಂಡ. ಕತ್ತು ಕಂಡರೆ ಅಳಿಸಿ ಅನ್ನುವವರೇ ಜಾಸ್ತಿ, ಕೈಗೆ ಅಭ್ಯಾಸ ಆಗಿಬಿಟ್ಟಿದೆ, ತಪ್ಪಾಯ್ತಮ್ಮಾ ಅಂದ. ಪಿಟೀಲಜ್ಜಿ ನಕ್ಕರು.

"ಮುಖ ಬೇಕಾದ್ರೆ ಅಳಿಸು, ಅದೇನೂ ನಾನು ಸಂಪಾದಿಸಿದ್ದಲ್ಲ. ಇದಕ್ಕೆ ಐವತ್ತು ವರ್ಷ ಹಿಡಿದಿದೆ."

ಅಪ್ಪನೂ ನಕ್ಕು ಮೌಸ್ ಹಿಡಿದ. ಅವನು ಫೋಟೋ ಕೆಡಿಸುವುದಿಲ್ಲ. ಕಲೆಯ ಮೇಲೆ ಚರ್ಮದ ಬಣ್ಣದ ಒಂದು ಪದರ ಹೊದಿಸುತ್ತಾನೆ ಅಷ್ಟೇ. ಪ್ರತಿ ಪದರದ ಪಕ್ಕದಲ್ಲೂ ಸ್ಕ್ರೀನಿನಲ್ಲಿ ಒಂದು ಪುಟಾಣಿ ಕಣ್ಣು ಇರುತ್ತದೆ. ಕಣ್ಣು ಒತ್ತಿದರೆ ಪದರ ಮಾಯ, ಕೆಳಗಿದ್ದದ್ದು ಮೇಲೆ. ಅಪ್ಪ ಒತ್ತಿದ. ಅಜ್ಜಿಯ ಕಪ್ಪು ಗುರುತು ತನ್ನ ಜಾಗಕ್ಕೆ ಬಂದು ಕೂತಿತು.

ಇಷ್ಟು ಸುಲಭವಾ ಅಂತ ಚೋಟುವಿಗೆ ಜೀವ ಬಂದಂತಾಯಿತು. "ಅಪ್ಪಾ, ಹಾಗೇ ನಂದೂ" ಅಂದಳು.

"ಏನು ನಂದು?"

"ನನ್ನ ಮೀನು. ಕವರಲ್ಲಿ ಅದೇ ಇಲ್ಲ. ಎಲ್ಲರೂ ನನ್ನ ಕೈ ಅಲ್ಲ ಅಂತಿದಾರೆ."

ಮೌಸಿನ ಮೇಲಿದ್ದ ಅಪ್ಪನ ಕೈ ನಿಂತಿತು. "ಅದು ಬೇಡ" ಅಂದ.

"ಯಾಕೆ?"

"ಬೇಡ ಅಂದ್ನಲ್ಲ ಚೋಟು. ಹೋಗಿ ಕೈಕಾಲು ತೊಳ್ಕೊ."

ಕಡ್ಡಿ ಮುರಿದ ಹಾಗೆ ಅಂದುಬಿಟ್ಟ. ಅಪ್ಪ ಹಾಗೆ ಮಾತಾಡುವವನಲ್ಲ. ಪಿಟೀಲಜ್ಜಿ ಒಮ್ಮೆ ಅಪ್ಪನನ್ನು, ಒಮ್ಮೆ ಚೋಟುವನ್ನು ನೋಡಿ, ಕೊಳೆಯಿಲ್ಲದ ಕನ್ನಡಕವನ್ನು ಸೆರಗಿನಲ್ಲಿ ಒರೆಸತೊಡಗಿದರು.

*

ಅಪ್ಪ ಅಜ್ಜಿಯನ್ನು ಕಳಿಸಲು ಗೇಟಿನವರೆಗೆ ಹೋದಾಗ ಚೋಟು ಕೋಣೆಯ ಗೋಡೆಯ ಮುಂದೆ ಬಂದು ನಿಂತಳು. ಅಪ್ಪ ಮಾಡಿದ ಕೆಲಸಗಳನ್ನೆಲ್ಲ ಅಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿ ನೇತು ಹಾಕಿತ್ತು.

ಬೇಕರಿ ಚೀಲದ ಮೇಲೆ ಹಿಟ್ಟು ನಾದುವ ಬೇಕರಿ ಮಾಮನ ಕೈ. ಒಲೆಯ ತಗಡು ತಾಗಿ ಸುಟ್ಟ ಮೂರು ಗೆರೆ ಹಾಗೇ ಇದ್ದವು. ಸೈಕಲ್ ಅಂಗಡಿಯವರ ಉಗುರಿನ ಸಂದಿಯ ಕಪ್ಪು ಗ್ರೀಸ್ ಹಾಗೇ ಇತ್ತು. ಡ್ರಮ್ ಅಣ್ಣನ ಬೆರಳಿನ ಗಂಟುಗಳೂ ಇದ್ದವು. ಮುಖ ಬೇಕಾದರೆ ಅಳಿಸಬಹುದು, ಕೆಲಸ ಮಾಡೋರ ಕೈ ಅಳಿಸಬಾರದು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದ. ಕೈ ಸುಳ್ಳು ಹೇಳಬಾರದಂತೆ.

ಆಮೇಲೆ ಚೋಟು ತನ್ನ ಕೈಗಳನ್ನು ಹುಡುಕಿದಳು. ಬೇಕರಿ ಚೀಲದ ಇನ್ನೊಂದು ಮಗ್ಗುಲಲ್ಲಿ ಬನ್ ಹಿಡಿದ ಕೈ. ಚಪ್ಪಲಿ ಅಂಗಡಿಯ ಚೀಟಿಯಲ್ಲಿ ಶೂ ಲೇಸ್ ಕಟ್ಟುವ ಕೈ. ಹಲ್ಲಿನ ಡಾಕ್ಟರ ಕಾರ್ಡಿನಲ್ಲಿ ಬ್ರಶ್ ಹಿಡಿದ ಕೈ. ಚಿತ್ರಗಳು ಸಣ್ಣವು, ಇಷ್ಟು ದಿನ ಅವಳು ಗಮನಿಸಿಯೇ ಇರಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಮೂರರಲ್ಲೂ ಮೀನಿಲ್ಲ.

ಒಂದರಲ್ಲಿ ಆದರೆ ಮರೆವು ಅನ್ನಬಹುದಿತ್ತು. ಎಲ್ಲರ ಕೈಯೂ ಇದ್ದ ಹಾಗೇ ಇದೆ, ನನ್ನದೊಂದನ್ನು ಬಿಟ್ಟು. ನನ್ನ ಕೈ ಅಪ್ಪನಿಗೆ ಅಸಹ್ಯ. ಚೋಟುವಿನ ಲೆಕ್ಕ ಅಲ್ಲಿಗೆ ಹೋಗಿ ನಿಂತಿತು. ಕ್ಲಾಸಿನವರು ನಕ್ಕಾಗ ಬಾರದ ಅಳು ಈಗ ಬಂತು.

ಅವಳು ಒಳಗೆ ಹೋಗಿ ಔಷಧಿ ಡಬ್ಬಿಯಿಂದ ಒಂದು ಅಗಲದ ಪ್ಲಾಸ್ಟರ್ ತೆಗೆದಳು. ಹೆಬ್ಬೆರಳ ಬುಡಕ್ಕೆ ಅಂಟಿಸಿ, ಮೀನಿನ ಬಾಲ ಇನ್ನೂ ಕಾಣುತ್ತಿದ್ದದ್ದಕ್ಕೆ ಅದರ ಮೇಲೆ ಇನ್ನೊಂದನ್ನು ಅಂಟಿಸಿದಳು. ಆ ರಾತ್ರಿ ಊಟವೂ ಬೇಡ ಅಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

*

ಶುಕ್ರವಾರ ಇಡೀ ದಿನ ಸ್ಕೂಲಿನಲ್ಲಿ ಚೋಟು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಲಾಯರ್ ಎರಡು ಸಲ ಪ್ಲಾಸ್ಟರಿನ ವಿಷಯ ಕೇಳಿದಳು, ಮೂರನೇ ಸಲ ಕೇಳುವ ಬದಲು ತನ್ನ ಡಬ್ಬಿಯ ಅರ್ಧ ಬಿಸ್ಕತ್ತನ್ನು ಚೋಟುವಿನ ಕಡೆ ತಳ್ಳಿದಳು. ಬಡಾಯಿ ಕೇಳಿ ಕೇಳಿ ಅಭ್ಯಾಸ ಆದವರಿಗೆ ಸುಮ್ಮನಿರುವ ಚೋಟುವನ್ನು ನೋಡಲು ಭಯವಾಗಿರಬೇಕು.

ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಚೋಟು ನೀರಿನ ಲೋಟಕ್ಕೆ ಎಡಗೈ ಚಾಚಿದಳು.

ಅಪ್ಪನ ಕುರ್ಚಿ ಧಡ್ ಅಂತ ಹಿಂದಕ್ಕೆ ಹೋಯಿತು. ಲೋಟ ಉರುಳಿ ನೀರು ಮೇಜಿನ ತುಂಬ ಹರಿಯಿತು. ಅವನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

"ಏನಾಯ್ತು? ಎಲ್ಲಿ ಕುಯ್ಕೊಂಡೆ? ಚಾಕು ಮುಟ್ಟಿದ್ಯಾ?"

ಅಪ್ಪನ ಮುಖ ಬಿಳಿಚಿಕೊಂಡಿತ್ತು. ಚೋಟುವಿಗೆ ಹೆದರಿಕೆಯೇ ಆಯಿತು.

"ಏನೂ ಆಗಿಲ್ಲ ಅಪ್ಪ. ಮುಚ್ಚಿದೀನಿ ಅಷ್ಟೇ. ನಿಂಗೆ ಅದು ಇಷ್ಟ ಇಲ್ವಲ್ಲ."

ಅಪ್ಪ ಕೈ ಬಿಟ್ಟ. ಅರ್ಧ ತಟ್ಟೆ ಊಟ ಹಾಗೇ ಬಿಟ್ಟು ಮುಂದಿನ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಬೀರುವಿನ ಮೇಲಿಂದ ಡಬ್ಬಿ ಇಳಿಸಿದ ಸದ್ದು ಕೇಳಿತು, ಮುಚ್ಚಳ ತೆಗೆದದ್ದು ಕೇಳಿತು, ಮತ್ತೆ ಹಾಕಿದ್ದು ಕೇಳಿತು. ಚಾಕು ಇದ್ದಲ್ಲೇ ಇದೆಯಾ ಅಂತ ನೋಡುತ್ತಿದ್ದಾನೆ ಅಂತ ಚೋಟುವಿಗೆ ಗೊತ್ತಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ.

ಅಮ್ಮ ಮೇಜು ಒರೆಸಿದಳು. ಅವಳು ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಐನೂರು ಜನರಿಗೆ ಉತ್ತರ ಹೇಳಿ ಹೇಳಿ ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಚೋಟುವನ್ನು ಮಂಚದ ಮೇಲೆ ಕೂರಿಸಿಕೊಂಡು, ಒಗೆದ ಬಟ್ಟೆ ಮಡಿಸುತ್ತಾ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

ಆಗ ಚೋಟುವಿಗೆ ನಾಲ್ಕು ವರ್ಷ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅಪ್ಪ ಒಂದು ಕವರಿನ ಅಂಚು ಕತ್ತರಿಸುತ್ತಿದ್ದ. ಹೊರಗೆ ಸೈಕಲ್ ಅಂಗಡಿಯವರು ಕರೆದರು. ಅಪ್ಪ ಚಾಕುವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಬಾಗಿಲಿಗೆ ಹೋದ. ಎರಡು ನಿಮಿಷ. ಅಷ್ಟರಲ್ಲಿ ಚೋಟು ಕುರ್ಚಿ ಹತ್ತಿ, ಅಪ್ಪನ ಹಾಗೇ ಕಾಗದ ಕತ್ತರಿಸಲು ಹೋಗಿದ್ದಳು.

"ನಿನ್ನ ಎತ್ಕೊಂಡು ಮೂರು ಬೀದಿ ಓಡಿದಾರೆ" ಅಂದಳು ಅಮ್ಮ. "ಕಾಲಲ್ಲಿ ಒಂದೇ ಚಪ್ಪಲಿ. ಅಂಗಿ ತುಂಬ ರಕ್ತ ನೋಡಿ, ಪೆಟ್ಟಾಗಿರೋದು ಯಾರಿಗೆ ಅಂತ ಡಾಕ್ಟರೇ ಕೇಳಿದ್ರಂತೆ. ನಿಂಗೆ ಐದು ಹೊಲಿಗೆ ಬಿತ್ತು. ಮೂರನೇ ದಿನಕ್ಕೆ ನೀನು ಮರೆತು ಬನ್ ಕೇಳ್ತಿದ್ದೆ. ಅಪ್ಪಂಗೆ ಇನ್ನೂ ಮರೆಯೋಕೆ ಆಗಿಲ್ಲ."

ನೆಲಕ್ಕೆ ಹಳದಿ ಟೇಪು ಬಿದ್ದದ್ದು ಮಾರನೇ ದಿನವಂತೆ. ಬಿಸ್ಕತ್ತಿನ ಡಬ್ಬಿಯೂ ಆಗಿನದೇ. ಇನ್ನೊಂದು ಚಪ್ಪಲಿ ದಾರಿಯಲ್ಲಿ ಎಲ್ಲಿ ಕಳಚಿತೋ, ಸಿಗಲೇ ಇಲ್ಲವಂತೆ.

ಚೋಟು ತುಂಬ ಹೊತ್ತು ಪ್ಲಾಸ್ಟರಿನ ಅಂಚು ಕೆರೆಯುತ್ತಾ ಕೂತಳು. ಕೊನೆಗೆ, ಹಾಗಾದರೆ ನನ್ನ ಕೈ ಚೆನ್ನಾಗಿಲ್ಲ ಅಂತ ಅಲ್ಲವಾ ಅಂತ ಕೇಳಿದಳು.

ಅಮ್ಮ ಮಡಿಸುತ್ತಿದ್ದ ಅಂಗಿ ಕೆಳಗಿಟ್ಟಳು. "ನಿನ್ನ ಕೈ ನೋಡಿದ್ರೆ ಅವರಿಗೆ ಕೈ ಕಾಣಲ್ಲ ಕಣೇ. ಆ ದಿನ ಕಾಣತ್ತೆ."

*

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕವರು ಪ್ರೆಸ್ಸಿಗೆ ಹೋಗಬೇಕಿತ್ತು. ಒಮ್ಮೆ ಹೋದರೆ ಮುಗಿಯಿತು, ಸಾವಿರ ಪ್ರತಿ ಅಚ್ಚಾಗಿ ಬಿಡುತ್ತದೆ. ಚೋಟು ಎದ್ದು ಬಂದಾಗ ಒಂಬತ್ತೂವರೆ. ಅಪ್ಪ ಪಿಟೀಲಜ್ಜಿಗೆ ತೋರಿಸಲು ಕೊನೆಯ ಸ್ಯಾಂಪಲ್ ಕತ್ತರಿಸುತ್ತಿದ್ದ. ಕಬ್ಬಿಣದ ಸ್ಕೇಲಿನ ಪಕ್ಕದಲ್ಲಿ ಚಾಕು ಸರ್ ಅಂತ ಓಡುತ್ತಿತ್ತು.

ಅವಳು ಹಳದಿ ಟೇಪಿನ ಈಚೆ ನಿಂತಳು. ದಿನವೂ ತಮಾಷೆಗೆ ಟೇಪಿನ ಮೇಲೆ ಕಾಲಿನ ಹೆಬ್ಬೆರಳು ಇಟ್ಟು ಅಪ್ಪನನ್ನು ಕೆಣಕುವವಳು, ಇವತ್ತು ಒಂದು ಗೇಣು ಹಿಂದೆಯೇ ನಿಂತಳು. ಆಮೇಲೆ ಎರಡೂ ಪ್ಲಾಸ್ಟರ್ ಕಿತ್ತಳು. ಚರ್ಮ ಚುರ್ ಅಂದಿತು. ಮೀನು ನೆನೆದು ಬೆಳ್ಳಗಾಗಿತ್ತು, ಬಾಲ ಒಂದಿಷ್ಟು ಸುಕ್ಕಾಗಿತ್ತು. ಕೈಯನ್ನು ಟೇಪಿನ ಮೇಲಿಂದ ಆಚೆಗೆ ಚಾಚಿದಳು.

"ಅಪ್ಪ, ಮುಟ್ಟಿ ನೋಡು."

ಅಪ್ಪ ತಲೆ ಎತ್ತಿದ. ಚಾಕುವಿನ ತುದಿಗೆ ಬಿರಡೆ ಹಾಕಿದ, ಡಬ್ಬಿಯಲ್ಲಿಟ್ಟ, ಡಬ್ಬಿಯನ್ನು ಬೀರುವಿನ ಮೇಲಿಟ್ಟ. ಅದನ್ನೆಲ್ಲ ನಿಧಾನವಾಗಿಯೇ ಮಾಡಿದ. ಆಮೇಲೆ ಬಂದು ಟೇಪಿನ ಹತ್ತಿರ ಮೊಣಕಾಲೂರಿ ಕೂತು, ಒಂದು ಬೆರಳಿನಿಂದ ಮೀನನ್ನು ತಲೆಯಿಂದ ಬಾಲದವರೆಗೆ ಸವರಿದ. ಈ ಆರು ವರ್ಷದಲ್ಲಿ ಅಪ್ಪ ಅಲ್ಲಿ ಮುಟ್ಟಿದ್ದು ಚೋಟುವಿಗೆ ನೆನಪಿರಲಿಲ್ಲ. ರಸ್ತೆ ದಾಟುವಾಗಲೂ ಅವನು ಹಿಡಿಯುತ್ತಿದ್ದದ್ದು ಬಲಗೈಯನ್ನೇ.

"ನೋಯತ್ತಾ?" ಅಂದ.

"ಇಲ್ಲ. ಕಚಗುಳಿ ಆಗತ್ತೆ."

ಅಪ್ಪ ನಗಲು ನೋಡಿದ, ಆಗಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಫೋಟೋನ ಜೂಮ್ ಮಾಡಿದ್ರೆ ಇದು ಸ್ಕ್ರೀನ್ ತುಂಬ ಆಗತ್ತೆ ಚೋಟು. ಸ್ವಲ್ಪ ಸ್ವಲ್ಪವೇ ಅಳಿಸ್ತಾ ಹೋಗ್ತೀನಿ. ಪೂರ್ತಿ ಅಳಿಸಿದ ಮೇಲೆ, ಅವತ್ತು ಚಾಕು ಮುಚ್ಚಿಟ್ಟೇ ಬಾಗಿಲಿಗೆ ಹೋಗಿದ್ದೆ ಅನ್ಸತ್ತೆ. ಅದಕ್ಕೇ."

ಅಪ್ಪ ಅಳುವುದನ್ನು ಅವಳು ನೋಡಿಯೇ ಇರಲಿಲ್ಲ. ಲಾಯರ್ ನೆನಪಾದಳು, ಕ್ಲಾಸಿನವರ ನಗು ನೆನಪಾಯಿತು. ಸೋಮವಾರ ಮತ್ತೆ ಎಲ್ಲರೂ ಕೇಳುತ್ತಾರೆ. ಕೇಳಿದರೆ ಕೇಳಲಿ ಅನ್ನಿಸಿತು.

"ಹಾಗೇ ಇರ್ಲಿ ಬಿಡು ಅಪ್ಪ" ಅಂದಳು. "ಮೀನು ನನ್ನ ಕೈಯಲ್ಲಿ ಇದ್ಯಲ್ಲ."

ಅಪ್ಪ ತೋಳಿನಿಂದ ಮುಖ ಒರೆಸಿಕೊಂಡು ಎದ್ದ. ಈ ಕಡೆ ಬಾ ಅಂತ ಕರೆದು ಕಂಪ್ಯೂಟರಿನ ಮುಂದೆ ತನ್ನ ಕುರ್ಚಿಯಲ್ಲೇ ಕೂರಿಸಿದ. ಸ್ಕ್ರೀನಿನಲ್ಲಿ ಪಿಟೀಲು ಹಿಡಿದ ಕೈ ಇತ್ತು. ಪಕ್ಕದ ಪಟ್ಟಿಯಲ್ಲಿ ಪದರಗಳ ಹೆಸರು, ಒಂದೊಂದಕ್ಕೂ ಒಂದೊಂದು ಕಣ್ಣು. ನಡುವಿನ ಒಂದಕ್ಕೆ ಹೆಸರೇ ಇರಲಿಲ್ಲ. ಎಲ್ಲಕ್ಕೂ ಚೀಟಿ ಅಂಟಿಸುವ ಅಪ್ಪ ಅದೊಂದಕ್ಕೆ ಮಾತ್ರ ಹೆಸರಿಟ್ಟಿರಲಿಲ್ಲ. ಬಾಣವನ್ನು ಅದರ ಕಣ್ಣಿನ ಮೇಲೆ ತಂದು ನಿಲ್ಲಿಸಿ, ಒತ್ತು ಅಂತ ಮೌಸನ್ನು ಚೋಟುವಿನ ಕೈಗೆ ಕೊಟ್ಟ.

ಚೋಟು ಮೌಸನ್ನು ತಿರುಗಿ ಅವನ ಕೈಗೇ ಕೊಟ್ಟಳು.

ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಅಡಿಗೆ ಮನೆಯಲ್ಲಿ ಅಮ್ಮ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದಳು, ಅವಳೂ ಕಿವಿಗೊಟ್ಟಿರಬೇಕು. ಅಪ್ಪ ಒಮ್ಮೆ ಉಸಿರೆಳೆದುಕೊಂಡು ಒತ್ತಿದ. ಪಿಟೀಲಿನ ಕತ್ತಿನ ಪಕ್ಕ, ಹೆಬ್ಬೆರಳ ಬುಡದಲ್ಲಿ, ಬಿಳಿ ಮೀನು ಬಂದು ನಿಂತಿತು.

ಅಪ್ಪ ಅದನ್ನು ನೋಡುತ್ತಲೇ ಇದ್ದ. ಆಮೇಲೆ ಡಿಸೈನರ್ ದನಿಯಲ್ಲಿ, ಬೆಳಕು ಬಿದ್ದಿರೋದು ಚೆನ್ನಾಗಿದೆ ಅಂದ. ಚೋಟು ಡ್ರಮ್ ಅಣ್ಣನ ಹಾಗೆ ಗಂಟಲು ದಪ್ಪ ಮಾಡಿ, "ಇನ್ನೂ ಸ್ವಲ್ಪ ಕೆಂಪು" ಅಂದಳು. ಈ ಸಲ ಅಪ್ಪನಿಗೆ ನಗು ಬಂತು.

*

ಹತ್ತು ದಿನ ಬಿಟ್ಟು ಪೋಸ್ಟರ್ ಬಂತು. ಬೇಕರಿ ಮಾಮ ತನ್ನ ಗಾಜಿನ ಕಿಟಕಿಯಲ್ಲೇ ಮೊದಲು ಹಾಕಬೇಕು ಅಂತ ಹಟ ಹಿಡಿದಿದ್ದ. ಅಪ್ಪ ಸ್ಟೂಲಿನ ಮೇಲೆ ನಿಂತು ಮೇಲಿನ ಮೂಲೆಗೆ ಟೇಪ್ ಅಂಟಿಸುತ್ತಿದ್ದ. ಚೋಟು ಕೆಳಗಿನ ಮೂಲೆಯನ್ನು ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿದ್ದಳು. ಅಷ್ಟರಲ್ಲಿ ಬ್ರೆಡ್ ಕೊಳ್ಳಲು ಚೀಲ ಹಿಡಿದು ಲಾಯರ್ ಬಂದಳು.

ಬಂದವಳು ಬ್ರೆಡ್ ಮರೆತಳು. ಪೋಸ್ಟರಿನ ಕೈ ನೋಡಿದಳು, ಗಾಜಿನ ಮೇಲೆ ಒತ್ತಿದ್ದ ಚೋಟುವಿನ ಕೈ ನೋಡಿದಳು. ತಲೆ, ಹೊಟ್ಟೆ, ಬಾಲ. ಬೆರಳಿಟ್ಟು ಎರಡನ್ನೂ ಹೋಲಿಸಿದಳು.

"ಹೌದು, ನಿಂದೇ" ಅಂದಳು. ಸೋತೆ ಅನ್ನುವ ಬೇಜಾರು ಅವಳಿಗೆ ಇರಲಿಲ್ಲ, ಪ್ರೂಫ್ ಸಿಕ್ಕ ಖುಷಿಯೇ ಇತ್ತು. ಆಮೇಲೆ ಬಿಡುತ್ತಾಳೆಯೇ, ಲಾಯರ್ ಅಲ್ಲವೇ. "ಇದು ಹೇಗಾಗಿದ್ದು? ನಿಜ ಹೇಳು. ಹುಲಿ ಗಿಲಿ ಬೇಡ."

ಸ್ಟೂಲಿನ ಮೇಲೆ ಟೇಪ್ ಹರಿಯುವ ಸದ್ದು ನಿಂತಿತು.

ಚೋಟುವಿನ ಹತ್ತಿರ ಈಗ ಎಲ್ಲಕ್ಕಿಂತ ದೊಡ್ಡ ಕತೆ ಇತ್ತು. ರಕ್ತ ಇತ್ತು, ಓಟ ಇತ್ತು, ಐದು ಹೊಲಿಗೆ ಇತ್ತು, ಅಷ್ಟೂ ನಿಜ. ಹೇಳಿದರೆ ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಅವಳು ಅಪ್ಪನ ಕಾಲುಗಳನ್ನು ನೋಡಿದಳು. ಅವು ಅಲ್ಲಾಡದೆ ನಿಂತಿದ್ದವು.

"ಒಂದು ಹೊಳೆ ಇತ್ತು ಕಣೇ" ಅಂತ ಶುರು ಮಾಡಿದಳು. "ಅದರಲ್ಲಿ ಒಂದು ದೊಡ್ಡ ಮೀನು..."

"ನನ್ನ ಚಾಕುವಿನಿಂದ ಆಗಿದ್ದಮ್ಮಾ" ಅಂದ ಅಪ್ಪ ಮೇಲಿನಿಂದ. "ನಾನು ಮುಚ್ಚದೆ ಹೋಗಿದ್ದೆ. ಅವಳಿಗೆ ಆಗ ನಾಲ್ಕು ವರ್ಷ."

ಬೇಕರಿ ಮಾಮ ಬ್ರೆಡ್ ಕಟ್ಟುವುದನ್ನು ನಿಲ್ಲಿಸಿ ತಿರುಗಿ ನೋಡಿದ. ಲಾಯರ್‌ಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಎತ್ಕೊಂಡು ಓಡಿದ್ದೂ ಅಪ್ಪನೇ" ಅಂದಳು ಚೋಟು. "ಮೂರು ಬೀದಿ. ಒಂದೇ ಚಪ್ಪಲಿಲಿ."

"ಇನ್ನೊಂದು ಚಪ್ಪಲಿ?"

"ಇವತ್ತಿಗೂ ಸಿಕ್ಕಿಲ್ಲ."

ಲಾಯರ್ ಅಪ್ಪನ ಕಾಲಿನ ಕಡೆಯೇ ನೋಡಿದಳು. ಈಗ ಅಲ್ಲಿ ಎರಡೂ ಚಪ್ಪಲಿ ಇದ್ದವು. ಪ್ರೂಫ್ ಏನು ಅಂತ ಅವಳು ಕೇಳಲಿಲ್ಲ.

ಚೋಟು ಸ್ವಲ್ಪ ಹಿಂದಕ್ಕೆ ಬಾಗಿ, ಹೆಬ್ಬೆರಳನ್ನು ಗಾಜಿನಿಂದ ತೆಗೆಯದೆ, ಪೋಸ್ಟರ್ ನೆಟ್ಟಗಿದೆಯಾ ಅಂತ ನೋಡಿದಳು.

"ಅಪ್ಪ, ನಿನ್ನ ಕಡೆ ಸ್ವಲ್ಪ ಮೇಲೆ" ಅಂದಳು.

ಅಪ್ಪ ಸ್ವಲ್ಪ ಮೇಲೆತ್ತಿದ.